ಉಜನಿ ಹಿನ್ನೀರಿನ ದಂಡೆಯಲ್ಲಿ ಟೆಂಟು ಹಾಕುವ ಮೊದಲು

ನಮ್ಮದು ಸೊಲ್ಲಾಪುರ ಜಿಲ್ಲೆ, ಅಕ್ಕಲಕೋಟೆ ಕಡೆಯ ಹಳ್ಳಿ. ಮನೆಯಲ್ಲಿ ಕನ್ನಡ, ಪೇಟೆಗೆ ಹೋದರೆ ಮರಾಠಿ. ಎಳ್ಳಮಾಸೆಗೆ ಇಡೀ ಮನೆ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಮರದ ಕೆಳಗೆ ಉಂಡು ಸಂಜೆ ವಾಪಸ್ ಬರುವುದು ನಮಗೆಲ್ಲ ರೂಢಿ. ಆದರೆ ರಾತ್ರಿ ಅಲ್ಲೇ ಮಲಗುವುದು ಬೇರೆ ಕೆಲಸ. ಅದೂ ನೀರಿನ ದಂಡೆಯಲ್ಲಿ. ಎಂಟು ವರ್ಷದಿಂದ ಪ್ರತಿ ಚಳಿಗಾಲ ನಾನು ಈ ಕೆಲಸ ಮಾಡುತ್ತಿದ್ದೇನೆ. ಮೊದಲು ಗೆಳೆಯರ ಜೊತೆ ಸಣ್ಣ ಟೆಂಟು, ಆಮೇಲೆ ಹೆಂಡತಿ, ಮಕ್ಕಳು, ಅವ್ವ. ಎರಡು ಸಲ ಬಾಡಿಗೆ ಕ್ಯಾರವಾನ್ ಕೂಡ, ಅಂದರೆ ಒಳಗೇ ಹಾಸಿಗೆ, ಒಲೆ ಇರುವ ಗಾಡಿ.

ಮೊದಲ ರಾತ್ರಿ ಕಳೆದದ್ದು ಸೊಲ್ಲಾಪುರದ ಪಕ್ಕದ ಹಿಪ್ಪರಗಾ ಕೆರೆಯಲ್ಲಿ. ಬ್ರಿಟಿಷರು 1871ರಲ್ಲಿ ಕಟ್ಟಿ ಮುಗಿಸಿದ ಕೆರೆ ಅದು, ಎಕರೂಖ ತಲಾವ್ ಅಂತಲೂ ಕರೆಯುತ್ತಾರೆ. ನೀರಿಗೆ ಹತ್ತೇ ಹೆಜ್ಜೆ ದೂರದಲ್ಲಿ ಟೆಂಟು ಹಾಕಿದೆವು. ಮಲಗಿದಲ್ಲಿಂದಲೇ ನೀರು ಕಾಣಬೇಕು ಅನ್ನುವ ಆಸೆ. ಬೆಳಗಿನ ನಾಲ್ಕಕ್ಕೆ ಎದ್ದರೆ ಟೆಂಟಿನ ಒಳಗೋಡೆ ತೊಟ್ಟಿಕ್ಕುತ್ತಿತ್ತು. ಹೊದಿಕೆ ಒದ್ದೆ, ಚಪ್ಪಲಿ ಒದ್ದೆ. ತಂಪು ಗಾಳಿ ಭಾರ, ರಾತ್ರಿ ಇಳಿಜಾರಿನಲ್ಲಿ ಹರಿದು ತಗ್ಗಿಗೆ ಬಂದು ಕೂರುತ್ತದೆ. ನೀರಿನ ಪಕ್ಕ ತೇವವೂ ಜಾಸ್ತಿ. ಎರಡೂ ಸೇರಿದರೆ ಇಬ್ಬನಿ ಸುರಿಯುತ್ತದೆ. ಮರುದಿನ ಅದೇ ಟೆಂಟನ್ನು ಎಂಬತ್ತು ಹೆಜ್ಜೆ ಮೇಲಕ್ಕೆ, ಸಣ್ಣ ದಿಬ್ಬದ ಮೇಲೆ ಹಾಕಿದೆವು. ಕಿಟಕಿ ಎರಡೂ ಕಡೆ ಬೆರಳಗಲ ತೆರೆದಿಟ್ಟೆವು. ಬೆಳಗ್ಗೆ ಎಲ್ಲ ಒಣಗಿಯೇ ಇತ್ತು. ಅಂದಿನಿಂದ ನೀರು ನೋಡಲು ನಡೆದು ಹೋಗುತ್ತೇನೆ, ಮಲಗಲು ಮೇಲೆ ಬರುತ್ತೇನೆ.

ಹಿಪ್ಪರಗಾ ಚಿಕ್ಕದು. ನನ್ನ ಮನಸ್ಸು ನಿಂತದ್ದು ಉಜನಿಯಲ್ಲಿ. ಭೀಮಾ ನದಿಗೆ ಕಟ್ಟಿದ ಅಣೆಕಟ್ಟು, 1980ರಲ್ಲಿ ಮುಗಿಯಿತು. ಪುಣೆ ಹೆದ್ದಾರಿ ಹಿಡಿದರೆ ನಮಗೆ ಎರಡು ಎರಡೂವರೆ ಗಂಟೆಯ ದಾರಿ. ನವೆಂಬರಿನಿಂದ ಮಾರ್ಚ್‌ವರೆಗೆ ಭಿಗವಣ ಕಡೆಯ ಹಿನ್ನೀರಿಗೆ ರಾಜಹಂಸಗಳು, ಅಂದರೆ ಫ್ಲೆಮಿಂಗೊ ಹಕ್ಕಿಗಳು, ಬರುತ್ತವೆ. ಕುಂಭಾರಗಾವ್, ಡಿಕ್ಸಳ ಕಡೆಯಲ್ಲಿ ಬೆಳಗ್ಗೆ ಆರೂವರೆಗೆ ಸುಮ್ನೆ ಕೂತರೆ ಸಾಕು, ಗುಲಾಬಿ ಸಾಲು ಕಣ್ಣೆದುರೇ ನಡೆದಾಡುತ್ತದೆ.

ಆದರೆ ಉಜನಿಯ ದಂಡೆ ಒಂದು ಕಡೆ ನಿಲ್ಲುವುದಿಲ್ಲ. ಹೊಸಬರು ತಪ್ಪುವುದು ಇಲ್ಲೇ. ಜಲಾಶಯದಲ್ಲಿ ಒಟ್ಟು ಸುಮಾರು 117 ಟಿಎಂಸಿ ನೀರು ಹಿಡಿಯುತ್ತದೆ, ಅದರಲ್ಲಿ 63 ಟಿಎಂಸಿಗೂ ಜಾಸ್ತಿ ಡೆಡ್ ಸ್ಟೋರೇಜ್, ಅಂದರೆ ತೂಬಿನಿಂದ ಹೊರಗೆ ಬಿಡಲಾಗದ ತಳದ ನೀರು. ಮಟ್ಟ ಅದಕ್ಕಿಂತ ಕೆಳಗಿಳಿದರೆ ನಮ್ಮ ಪತ್ರಿಕೆಗಳು ಮೈನಸ್ ಅಂತ ಬರೆಯುತ್ತವೆ. 2024ರ ಬೇಸಿಗೆಯಲ್ಲಿ ಮೈನಸ್ ಶೇಕಡಾ 50ಕ್ಕಿಂತಲೂ ಕೆಳಗೆ ಹೋಗಿತ್ತು. ನೀರು ತೀರ ಇಳಿದ ವರ್ಷ ಪಳಸದೇವದ ಮುಳುಗಿದ ಹಳೆಯ ಗುಡಿ ಪೂರ್ತಿ ಹೊರಗೆ ಬಂದು ನಿಲ್ಲುತ್ತದೆ. ಅಂದರೆ ಡಿಸೆಂಬರಿನಲ್ಲಿ ನೀರಿದ್ದ ಜಾಗ ಏಪ್ರಿಲ್‌ನಲ್ಲಿ ಬಯಲು. ಕಳೆದ ವರ್ಷದ ಫೋಟೋ ನೋಡಿ ಜಾಗ ಆರಿಸಿದರೆ ಕೆಸರಿಗೆ ಹೋಗಿ ನಿಲ್ಲುತ್ತೀರಿ.

ನಾನು ಜಾಗ ಆರಿಸುವುದು ಒಂದು ಬೇವಿನ ಮರದ ಲೆಕ್ಕದಲ್ಲಿ. ಹಿನ್ನೀರಿಗೆ ಹೊಂದಿಕೊಂಡ ಒಬ್ಬ ರೈತರ ಹೊಲದ ತುದಿಯಲ್ಲಿ ಆ ಮರ ಇದೆ. ಜಲಾಶಯ ಪೂರ್ತಿ ತುಂಬಿದಾಗ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಅವರೇ ತೋರಿಸಿಕೊಟ್ಟರು. ಒಣಗಿದ ಕಸ, ಶಂಖದ ಚಿಪ್ಪು, ಪ್ಲಾಸ್ಟಿಕ್ ಒಂದು ಗೆರೆಯಾಗಿ ಬಿದ್ದಿರುತ್ತವೆ. ಆ ಗೆರೆಯ ಕೆಳಗಿನ ಜಾಗ ನೀರಿನದು. ಮೇಲಿನದು ಮಾತ್ರ ನಮ್ಮದು. ಗೆರೆಯ ಕೆಳಗೆ ಹಸಿರು ಕಂಡರೆ ಅದು ಗಾಳಪೇರ, ಅಂದರೆ ನೀರು ಹಿಂದೆ ಸರಿದ ಮೇಲೆ ಬಿತ್ತುವ ಹೊಲ. ಅಣೆಕಟ್ಟಿಗೆ ಊರು ಮನೆ ಕಳೆದುಕೊಂಡವರ ಅನ್ನ ಅದು. ಅದರ ಮೇಲೆ ಗಾಡಿ ಓಡಿಸುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಮಣ್ಣಿನ ಮಾತು ಸ್ವಲ್ಪ ಜಾಸ್ತಿ ಹೇಳಬೇಕು. ಇಲ್ಲಿಯದು ಎರೆ ಮಣ್ಣು. ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಗಟ್ಟಿ ನೆಲ ಅನ್ನಿಸುತ್ತದೆ. ಒಂದು ಗೇಣು ಕೆಳಗೆ ಬೆಣ್ಣೆಯಂತೆ ಮೆತ್ತಗೆ. ಎರಡು ವರ್ಷದ ಹಿಂದೆ ಅವ್ವನಿಗೆ ನೆಲದ ಮೇಲೆ ಮಲಗಲು ಮೊಣಕಾಲು ನೋವು ಅಂತ ಕ್ಯಾರವಾನ್ ಬಾಡಿಗೆಗೆ ತಂದಿದ್ದೆವು. ಕೊಟ್ಟವರು ಎಲ್ಲಿ ಬೇಕಾದರೂ ನಿಲ್ಲಿಸಬಹುದು ಅಂದಿದ್ದರು. ಮಕ್ಕಳ ಒತ್ತಾಯಕ್ಕೆ ದಂಡೆಗೆ ಇಳಿಸಿದೆವು. ನಿಲ್ಲಿಸಿದಾಗ ಏನೂ ಆಗಲಿಲ್ಲ. ಬೆಳಗ್ಗೆ ಹಿಂದಿನ ಚಕ್ರ ಆಕ್ಸಲ್‌ವರೆಗೆ ಹೂತು ಹೋಗಿತ್ತು. ನೀರಿನ ಟ್ಯಾಂಕ್, ಹಾಸಿಗೆ, ಒಲೆ ಎಲ್ಲ ಹೊತ್ತ ಗಾಡಿ, ಭಾರ ಕಡಿಮೆಯೇ? ಕಬ್ಬಿನ ಟ್ರಾಕ್ಟರ್ ತರಿಸಿ ಎಳೆಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಅವ್ವ ಅಷ್ಟು ಹೊತ್ತೂ ಬಿಸಿಲಿನಲ್ಲಿ ಕೂತಿದ್ದರು. ಅದು ಇಂದಿಗೂ ನನಗೆ ಬೇಸರ.

ಈಗ ಎರಡು ಅಡಿಯ ಕಬ್ಬಿಣದ ಸರಳು ಗಾಡಿಯಲ್ಲೇ ಇರುತ್ತದೆ. ಕೈಯಿಂದ ಒತ್ತಿದರೆ ಒಂದು ಗೇಣು ಇಳಿಯಿತೆಂದರೆ ಕ್ಯಾರವಾನ್ ಅಲ್ಲಿಗೆ ಬರುವುದಿಲ್ಲ. ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ನೆಲ ಬೇಕು. ಮೇಲಿನ ದಿಬ್ಬಗಳಲ್ಲಿ ಗರಸು ಸಿಗುತ್ತದೆ. ದೊಡ್ಡ ಗಾಡಿಗೆ ನೆಲ ಒಂದೇ ಸಾಲದು, ದಾರಿಯನ್ನೂ ನೋಡಬೇಕು. ದಂಡೆಯ ಉದ್ದಕ್ಕೂ ರೈತರ ಪಂಪ್‌ಸೆಟ್‌ಗಳ ವಿದ್ಯುತ್ ತಂತಿ ಜೋತು ಬಿದ್ದಿರುತ್ತವೆ, ಕ್ಯಾರವಾನಿನ ತಲೆಗೆ ತಾಗುವಷ್ಟು ಕೆಳಗೆ. ಚಳಿಗಾಲ ಅಂದರೆ ಕಬ್ಬು ಕಡಿಯುವ ಕಾಲ. ಎರಡೆರಡು ಟ್ರಾಲಿ ಕಟ್ಟಿದ ಟ್ರಾಕ್ಟರ್ ಎದುರಿಗೆ ಬಂದರೆ ಹಳ್ಳಿ ರಸ್ತೆಯಲ್ಲಿ ಹಿಂದಕ್ಕೂ ಹೋಗಲಾಗದು, ಪಕ್ಕಕ್ಕೂ ಆಗದು. ಹಾಗಾಗಿ ಕ್ಯಾರವಾನ್ ಇದ್ದರೆ ಹಗಲಲ್ಲೇ ತಲುಪುತ್ತೇನೆ. ಗಾಡಿ ತಿರುಗಿಸುವ ಜಾಗ ಇದೆಯೇ ಅಂತ ಒಂದು ವಾರ ಮೊದಲು ಬೈಕಿನಲ್ಲಿ ಹೋಗಿ ನೋಡಿ ಬರುತ್ತೇನೆ.

ಟೆಂಟಿಗೆ ಎರೆ ಮಣ್ಣಿನ ತೊಂದರೆ ಬೇರೆ. ಒಣಗಿದ ಎರೆಯಲ್ಲಿ ಗೂಟ ನಿಲ್ಲುವುದಿಲ್ಲ, ಬಿರುಕಿನಲ್ಲಿ ಸಡಿಲವಾಗುತ್ತದೆ. ಚೀಲಕ್ಕೆ ಮಣ್ಣು ತುಂಬಿ, ಹಗ್ಗ ಕಟ್ಟಿ, ಹೂತು ಬಿಡುತ್ತೇನೆ. ಬಿರುಕು, ಕಲ್ಲಿನ ರಾಶಿ ಹಾವಿಗೂ ಮನೆ. ಕೊಳಕುಮಂಡಲ ಇದೆ, ಉರಿಮಂಡಲವೂ ಇದೆ, ಮರಾಠಿಯವರು ಫುರ್ಸೆ ಅನ್ನುವುದು ಅದಕ್ಕೇ. ಟೆಂಟಿನ ಜಿಪ್ ಯಾವಾಗಲೂ ಮುಚ್ಚಿರಬೇಕು, ಬೂಟು ಕೊಡವದೆ ಹಾಕಬಾರದು, ರಾತ್ರಿ ಟಾರ್ಚ್ ಇಲ್ಲದೆ ಒಂದು ಹೆಜ್ಜೆಯೂ ಇಡಬಾರದು. ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಹಾವಿನ ವಿಷದ ಔಷಧ ಇದೆಯೇ ಅಂತ ಹೋಗುವ ಮೊದಲೇ ವಿಚಾರಿಸುತ್ತೇನೆ. ಆಂಬುಲೆನ್ಸಿಗೆ 108. ಜಾಲಿ ಮುಳ್ಳನ್ನೂ ಮರೆಯಬೇಡಿ. ಟೆಂಟಿನ ತಳ ತೂತಾಗುವುದು ಅದರಿಂದಲೇ. ಕಬ್ಬಿನ ಗದ್ದೆಗೆ ಹೊಂದಿಕೊಂಡು ಟೆಂಟು ಹಾಕುವುದೂ ಬೇಡ. 2020ರ ಡಿಸೆಂಬರಿನಲ್ಲಿ ಇದೇ ಹಿನ್ನೀರಿನ ಕರಮಾಳಾ ತಾಲೂಕಿನಲ್ಲಿ ಚಿರತೆ ಜನರನ್ನು ಕೊಂದಿತ್ತು.

ಮಕ್ಕಳಿದ್ದರೆ ನನ್ನ ಲೆಕ್ಕವೇ ಬದಲಾಗುತ್ತದೆ. ನೋಟ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ, ಶೌಚಾಲಯ ಮತ್ತು ನೆರಳು ಬೇಕು. ಆದ್ದರಿಂದ ಮನೆಮಂದಿ ಬಂದರೆ ರೈತರ ತೋಟದ ಮನೆಗೆ ಹತ್ತಿರ ಇರುತ್ತೇವೆ, ಕೇಳಿದಷ್ಟು ಬಾಡಿಗೆ ಕೊಡುತ್ತೇವೆ. ನೀರಿನ ಕಡೆ ಒಂದು ಹಗ್ಗ ಕಟ್ಟುತ್ತೇನೆ, ದೊಡ್ಡವರಿಲ್ಲದೆ ಅದನ್ನು ದಾಟುವಂತಿಲ್ಲ. ದಂಡೆಯ ಕೆಸರಿನಲ್ಲಿ ಮಗುವಿನ ಕಾಲು ಮೊಣಕಾಲಿನವರೆಗೆ ಹೋಗುವುದಕ್ಕೆ ಒಂದು ನಿಮಿಷವೂ ಬೇಡ. ಕುಡಿಯುವ ನೀರು ಕ್ಯಾನಿನಲ್ಲಿ ಮನೆಯಿಂದಲೇ. ಪುಣೆಯ ಕೊಳಚೆ ಮುಳಾ-ಮುಠಾ ಮೂಲಕ ಈ ನೀರಿಗೇ ಬಂದು ಸೇರುತ್ತದೆ. ಆ ನೀರಿನಲ್ಲಿ ಪಾತ್ರೆ ಕೂಡ ತೊಳೆಯುವುದಿಲ್ಲ.

ಮಾರ್ಚ್ ಅರ್ಧ ಕಳೆದ ಮೇಲೆ ನಾನು ಹೋಗುವುದಿಲ್ಲ. ಬಿಸಿಲಿಗಿಂತ ನನಗೆ ಹೆದರಿಕೆ ಸಂಜೆಯ ಗಾಳಿ. ಬೇಸಿಗೆಯ ಅಕಾಲ ಮಳೆಯ ಮುಂಚೆ ಒಮ್ಮೆಲೇ ಎದ್ದುಬಿಡುತ್ತದೆ. 2024ರ ಮೇ ತಿಂಗಳಲ್ಲಿ ಇಂಥದ್ದೇ ಗಾಳಿಗೆ ಕುಗಾವ್‌ನಿಂದ ಕಳಾಶಿಗೆ ಹೊರಟ ದೋಣಿ ಹಿನ್ನೀರಿನಲ್ಲಿ ಮಗುಚಿ ಆರು ಜನ ಸತ್ತರು. ನಾವು ದೋಣಿ ಹತ್ತುವುದು ಬೆಳಗ್ಗೆ ಮಾತ್ರ, ಲೈಫ್ ಜಾಕೆಟ್ ಕೊಟ್ಟರೆ ಮಾತ್ರ. ಅಕ್ಟೋಬರ್ ಕೂಡ ಬೇಡ, ಹಿಂಗಾರು ಮಳೆ ನಂಬುವಂತಿಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ನಮ್ಮ ಜಿಲ್ಲೆಯ ಎಷ್ಟೋ ಊರಿಗೆ ನುಗ್ಗಿದ್ದಳು. ಅಣೆಕಟ್ಟಿನ ಕೆಳಗೆ ನದಿಯ ಪಾತ್ರದಲ್ಲಿ ಮಾತ್ರ ಯಾವ ತಿಂಗಳಲ್ಲೂ ಮಲಗಬೇಡಿ.

ಈ ವರ್ಷ ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ನಡೆಯುವ ಸಿದ್ಧೇಶ್ವರ ಜಾತ್ರೆ ಮುಗಿಸಿಕೊಂಡು ಹೊರಡುವ ಯೋಚನೆ. ಆ ಹೊತ್ತಿಗೆ ಜೋಳ ಹಾಲುಗಾಳಾಗಿರುತ್ತದೆ, ಎಳೆ ತೆನೆಯ ಸೀತನಿ ಸುಡಬಹುದು. ಶೇಂಗಾ ಹಿಂಡಿ, ಕಟಕ ರೊಟ್ಟಿ ಅವ್ವ ಕಟ್ಟುತ್ತಾರೆ. ಮೊನ್ನೆ ಆ ರೈತರಿಗೆ ಫೋನ್ ಮಾಡಿ, ನೀರು ಬೇವಿನ ಮರ ಬಿಟ್ಟು ಎಷ್ಟು ದೂರ ಸರಿದಿದೆ ಅಂತ ಕೇಳಿದೆ. ನಲವತ್ತು ಹೆಜ್ಜೆ ಅಂದರು. ಕ್ಯಾರವಾನ್ ಮರದ ಹಿಂದೆ ನಿಲ್ಲುತ್ತದೆ, ನಮ್ಮ ಟೆಂಟು ಅದರ ಪಕ್ಕದಲ್ಲಿ.