ಸಂಧಿವಾತದ ಮೈಗೆ ಬಲ: ಜಗಲಿಯಲ್ಲೇ ಶುರು ಮಾಡಿ

2017ರ ಮಳೆಗಾಲದಲ್ಲಿ ನನಗೆ ಬೆಳಿಗ್ಗೆ ಕೈ ಮುಷ್ಟಿ ಕಟ್ಟಲು ಎರಡು ಗಂಟೆ ಬೇಕಾಗುತ್ತಿತ್ತು. ಆರಕ್ಕೆ ಎದ್ದರೆ ಎಂಟರ ತನಕ ಬೆರಳು ಮಡಚುತ್ತಿರಲಿಲ್ಲ. ದೋಸೆ ಮಗುಚುವ ಸಟ್ಟುಗ ಹಿಡಿಯುವುದೂ ಕಷ್ಟ. ಒಂದು ದಿನ ಬಾವಿಕಟ್ಟೆಯಲ್ಲಿ ತುಂಬಿದ ಕೊಡಪಾನ ಕೈಯಿಂದ ಜಾರಿ ಕಾಲಿನ ಪಕ್ಕದಲ್ಲೇ ಬಿತ್ತು. ಶಿವಮೊಗ್ಗಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದ ಮೇಲೆ ಗೊತ್ತಾಯಿತು, ಇದು ರುಮಟಾಯ್ಡ್ ಸಂಧಿವಾತ. ವಯಸ್ಸಾದ ಮೇಲೆ ಬರುವ ಮಂಡಿ ಸವೆತ ಬೇರೆ, ಇದು ಬೇರೆ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲುಗಳ ಒಳಪದರದ ಮೇಲೆ ತಿರುಗಿ ಬೀಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ನನಗಾಗ 38 ವರ್ಷ.

ನೋವು ಪೂರ್ತಿ ಹೋಗಲಿ, ಆಮೇಲೆ ಮೈ ಗಟ್ಟಿ ಮಾಡಿಕೊಳ್ಳೋಣ ಅಂತ ಒಂದು ವರ್ಷ ಸುಮ್ನೆ ಕೂತೆ. ಅದೇ ತಪ್ಪಾಯಿತು. ಕೂತಷ್ಟೂ ತೊಡೆಯ ಸ್ನಾಯು ಕರಗಿತು. ಸ್ನಾಯು ಕರಗಿದಷ್ಟೂ ಭಾರವೆಲ್ಲ ಕೀಲಿನ ಮೇಲೆ ಬಿತ್ತು. ನೆಲದಿಂದ ಏಳಲು ಮಗಳ ಕೈ ಬೇಕಾಯಿತು. ವ್ಯಾಯಾಮ ಶುರು ಮಾಡಿದ ಮೇಲೆ ನನಗೆ ತಿಳಿದ ದೊಡ್ಡ ಸಂಗತಿ ಒಂದೇ: ಮಾಡುವಾಗ ಹೇಗಿತ್ತು ಅನ್ನುವುದಕ್ಕಿಂತ ಮರುದಿನ ಬೆಳಿಗ್ಗೆ ಹೇಗಿದೆ ಅನ್ನುವುದು ಮುಖ್ಯ. ಎಷ್ಟು ಮಾಡಬೇಕು ಅಂತ ಆ ಬೆಳಗ್ಗೆಯೇ ಹೇಳುತ್ತದೆ.

"ಕೊಟ್ಟಿಗೆ, ಅಡುಗೆ, ತೋಟ ಎಲ್ಲ ಮಾಡ್ತೀಯಲ್ಲ, ಮತ್ತೆಂಥ ವ್ಯಾಯಾಮ ಮಾರಾಯ್ತಿ?" ಅಂತ ಅತ್ತೆ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯಲು ಕೂತರೆ ಅದೇ ಹೆಬ್ಬೆರಳು, ಅದೇ ಮಣಿಕಟ್ಟು ಮೂರು ತಾಸು ದುಡಿಯುತ್ತವೆ. ತೊಡೆಗೆ, ಸೊಂಟಕ್ಕೆ ಏನೂ ಕೆಲಸವಿಲ್ಲ. ನೋವು ಬಂದರೂ ಕೆಲಸ ಮುಗಿಯುವ ತನಕ ನಿಲ್ಲಿಸುವಂತಿಲ್ಲ. ವ್ಯಾಯಾಮದಲ್ಲಿ ಯಾವ ಸ್ನಾಯುವಿಗೆ, ಎಷ್ಟು ಹೊತ್ತು ಕೆಲಸ ಅನ್ನುವುದು ನಮ್ಮ ಕೈಯಲ್ಲಿ ಇರುತ್ತದೆ. ಇದನ್ನು ಅತ್ತೆಗೆ ಹೇಳಿದೆ. ಈಗ ನಾನು ವ್ಯಾಯಾಮ ಮಾಡುವ ನಾಲ್ಕು ಗಂಟೆಗೆ ಚಾ ಮಾಡುವುದು ಅವರೇ.

ಶುರು ಮಾಡುವ ಮೊದಲು

ಔಷಧಿಯಿಂದ ಕಾಯಿಲೆ ಹಿಡಿತಕ್ಕೆ ಬಂದಿರಬೇಕು. ವ್ಯಾಯಾಮ ಔಷಧಿಯ ಜೊತೆಗೆ, ಅದರ ಬದಲಿಗೆ ಅಲ್ಲ. ಮೈ ಹಗುರಾಯಿತು ಅಂತ ನಾನೇ ಒಮ್ಮೆ ಮಾತ್ರೆ ಬಿಟ್ಟೆ. ಆರು ವಾರದಲ್ಲಿ ಎರಡೂ ಮಂಡಿ ಊದಿದವು. ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುವವರು ಒಂದು ಮಾತು ಮರೆಯಬೇಡಿ. ಈ ಕಾಯಿಲೆಗೆ ಅದು ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಜೀವಕ್ಕೇ ಅಪಾಯ. ನನ್ನದು ಶನಿವಾರ ರಾತ್ರಿ. ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ವಾರದ ಹೆಸರು ಬರೆದಿಟ್ಟಿದ್ದೇನೆ. ಭಾನುವಾರ ಹೊಟ್ಟೆ ತೊಳೆಸುತ್ತದೆ, ಸುಸ್ತಿರುತ್ತದೆ. ಆ ದಿನ ಬರೀ ನಡಿಗೆ.

ಕುತ್ತಿಗೆಯ ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಈ ಕಾಯಿಲೆ ಕುತ್ತಿಗೆಯ ಮೇಲ್ಭಾಗದ ಕೀಲನ್ನೂ ಸಡಿಲ ಮಾಡಬಲ್ಲದು. ಯೋಗ ಶಿಬಿರವೊಂದರಲ್ಲಿ ನನಗೆ ಸರ್ವಾಂಗಾಸನ ಮಾಡಿಸಿದರು. ರಾತ್ರಿ ಎರಡೂ ಕೈ ಜೋಮು ಹಿಡಿದವು. ಎಕ್ಸ್‌ರೇ ತೆಗೆಸಿದೆ, ಅದೃಷ್ಟಕ್ಕೆ ಏನೂ ಆಗಿರಲಿಲ್ಲ. ಡಾಕ್ಟರು ಕುತ್ತಿಗೆ ನೋಡಿ ಸರಿ ಅನ್ನುವ ತನಕ ಶೀರ್ಷಾಸನ, ಸರ್ವಾಂಗಾಸನ, ಕುತ್ತಿಗೆ ಗರಗರ ತಿರುಗಿಸುವುದು ಯಾವುದೂ ಬೇಡ. ನೋವಿದ್ದ ಕೀಲನ್ನು ಬೇರೆಯವರು ಒತ್ತಿ ಬಗ್ಗಿಸುವುದೂ ಬೇಡ.

ಹೊತ್ತು ಮತ್ತು ಬಿಸಿನೀರು

ಬೆಳಗಿನ ಜಾವ ಐದಕ್ಕೆ ಎದ್ದು ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ನಮಗೆ ಅದು ಆಗುವ ಮಾತಲ್ಲ. ಮೈ ಬಿಡುವುದೇ ಹತ್ತರ ಮೇಲೆ. ಬೆಳಿಗ್ಗೆ ಹಾಸಿಗೆಯಲ್ಲೇ ಹತ್ತು ನಿಮಿಷ ಪಾದ ಮೇಲೆ ಕೆಳಗೆ ಆಡಿಸಿ. ಹಿಮ್ಮಡಿ ಜಾರಿಸುತ್ತಾ ಮಂಡಿ ಮಡಚಿ ಬಿಡಿಸಿ. ಬೆರಳು ಆಗುವಷ್ಟು ಮಡಚಿ ಬಿಡಿಸಿ. ಅಷ್ಟೇ ಸಾಕು. ಗಟ್ಟಿ ವ್ಯಾಯಾಮಕ್ಕೆ ನಾನು ಇಟ್ಟುಕೊಂಡದ್ದು ಸಂಜೆ ನಾಲ್ಕು ಗಂಟೆ, ಒಂದು ದಿನ ಬಿಟ್ಟು ಒಂದು ದಿನ.

ಬಚ್ಚಲೊಲೆಗೆ ಅಡಿಕೆ ಸಿಪ್ಪೆ ಹಾಕಿ ಹಂಡೆ ಕಾಯಿಸುವ ಮನೆ ನಮ್ಮದು. ಬಿಸಿ ಇದ್ದೇ ಇರುತ್ತದೆ. ಸುಡದಷ್ಟು ಬಿಸಿನೀರಲ್ಲಿ ಹತ್ತು ನಿಮಿಷ ಕೈ ಇಟ್ಟು, ಅಲ್ಲೇ ಬೆರಳು ಆಡಿಸಿ ಆಮೇಲೆ ಶುರು ಮಾಡಿ. ಆದರೆ ಕೀಲು ಊದಿ, ಮುಟ್ಟಿದರೆ ಬಿಸಿ ಇದ್ದರೆ ಬಿಸಿನೀರು ಬೇಡ. ತಣ್ಣೀರ ಬಟ್ಟೆ ಸುತ್ತಿ.

ಜಗಲಿಯ ಮೇಲೆ

ಮೊದಲು ಕೂತು ಏಳುವುದು. ಎಲ್ಲಕ್ಕಿಂತ ನನಗೆ ಉಪಕಾರ ಮಾಡಿದ್ದು ಇದು. ಜಗಲಿ ಕಟ್ಟೆಯ ಮೇಲೆ ಎರಡು ದಿಂಬು ಹಾಕಿ ಎತ್ತರ ಮಾಡಿಕೊಂಡೆ. ಪಾದ ಊರಿ, ಮುಂದಕ್ಕೆ ಬಾಗಿ, ಅಂಗೈ ಒತ್ತದೆ ಎದ್ದು ನಿಲ್ಲುವುದು. ಮೂರು ಎಣಿಸುತ್ತಾ ಮೆಲ್ಲಗೆ ಕೂರುವುದು. ಮೊದಲ ವಾರ ಐದು ಸಲ. ಹತ್ತು ಸಲ ಸಲೀಸಾದ ಮೇಲೆ ಒಂದು ದಿಂಬು ತೆಗೆದೆ. ಬರೀ ಕಟ್ಟೆಯಿಂದ ಏಳಲು ನನಗೆ ನಾಲ್ಕು ತಿಂಗಳು ಹಿಡಿಯಿತು. ನಿಮಗೆ ಎರಡೇ ಆಗಬಹುದು, ಎಂಟೂ ಆಗಬಹುದು. ದಿಂಬು ತೆಗೆಯಲು ಅವಸರ ಮಾಡಬೇಡಿ.

ಆಮೇಲೆ ಗೋಡೆ ದಬ್ಬುವುದು. ಅಂಗೈ ಊರಿದರೆ ಮಣಿಕಟ್ಟು ಕೂಗುತ್ತದೆ. ಹಾಗಾಗಿ ಮೊಣಕೈಯಿಂದ ಮುಷ್ಟಿಯ ತನಕ ಪೂರ್ತಿ ತೋಳನ್ನು ಗೋಡೆಗೆ ಒತ್ತಿ ಎದೆ ಹತ್ತಿರ ತರುವುದು, ದೂರ ಮಾಡುವುದು. ಜಗಲಿ ಕಂಬ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಹತ್ತು ಸಲ.

ಭಾರಕ್ಕೆ ಡಂಬಲ್ ಕೊಳ್ಳಬೇಡಿ. ಅದನ್ನು ಬಿಗಿಯಾಗಿ ಹಿಡಿಯಲು ಹೋಗಿ ಬೆರಳು ಹಾಳಾಗುತ್ತದೆ. ಬಟ್ಟೆ ಚೀಲದಲ್ಲಿ ಅರ್ಧ ಕೆಜಿ ಅಕ್ಕಿ ಹಾಕಿ, ಚೀಲದ ಬಾರನ್ನು ಮುಂಗೈ ಮೇಲೆ ತೂಗುಬಿಟ್ಟು ತೋಳು ಮಡಚಿ. ಬೆರಳಿಗೆ ಕೆಲಸವೇ ಇಲ್ಲ. ಅದೇ ಚೀಲ ಕಾಲಗಂಟಿಗೆ ಕಟ್ಟಿ, ಕೂತಲ್ಲೇ ಮಂಡಿ ನೇರ ಮಾಡಬಹುದು. ಎರಡು ವಾರ ಬೆಳಿಗ್ಗೆ ತೊಂದರೆ ಇಲ್ಲದಿದ್ದರೆ ಒಂದು ಪಾವು ಅಕ್ಕಿ ಸೇರಿಸಿ. ನಾನೀಗ ಎರಡು ಕೆಜಿಯಲ್ಲಿದ್ದೇನೆ.

ನಡಿಗೆ ದಿನಾ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಆ ವೇಗ ಸರಿ. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ, ಎರಡು ದಿನ ಸ್ನಾಯು ಬಲದ ವ್ಯಾಯಾಮ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ದೀರ್ಘ ಕಾಯಿಲೆ ಇರುವವರಿಗೂ ಅದೇ ಲೆಕ್ಕ. ಆದರೆ ಅದು ಮುಟ್ಟಬೇಕಾದ ಗುರಿ, ಮೊದಲ ದಿನದ ಪಾಠ ಅಲ್ಲ. ನಾನು ಹತ್ತು ನಿಮಿಷದಿಂದ ಶುರು ಮಾಡಿದವಳು.

ಎಲ್ಲಿ ನಡೆಯುವುದು ಅನ್ನುವುದೂ ನಮ್ಮ ಕಡೆ ಯೋಚಿಸಬೇಕಾದ ವಿಷಯ. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗಿನ ಊರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಆಷಾಢದಲ್ಲಿ ಅಂಗಳವೆಲ್ಲ ಪಾಚಿ, ತೋಟದ ದಾರಿಯಲ್ಲಿ ಉಂಬಳ (ಜಿಗಣೆ). ನಮ್ಮಂಥವರು ಜಾರಿ ಬೀಳಲೇಬಾರದು, ಅದರಲ್ಲೂ ಸ್ಟೀರಾಯ್ಡ್ ತೆಗೆದುಕೊಂಡು ಮೂಳೆ ತೆಳುವಾದವರು. ಜೂನ್‌ನಿಂದ ಸೆಪ್ಟೆಂಬರ್ ತನಕ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತೇನೆ. ಅಂಗಳಕ್ಕೆ ಇಳಿಯಲೇಬೇಕಾದ ಕಡೆ ಅಡಿಕೆ ದಬ್ಬೆ ಹಾಸಿಸಿದ್ದೇನೆ. ಡಿಸೆಂಬರಿನಿಂದ ಮೇ ತನಕ ಕಾಡಂಚಿನ ಕಾಲುದಾರಿ ಬೇಡ, ಟಾರ್ ರಸ್ತೆ ಸಾಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗುಗಳಿಂದ (ಉಣ್ಣೆ ಹುಳುಗಳಿಂದ) ಹರಡುವಂಥದ್ದು. ನಾವು ತೆಗೆದುಕೊಳ್ಳುವ ಮಾತ್ರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. ದರಗು (ಒಣ ಎಲೆ) ತರಲು ಹೋಗಲೇಬೇಕಾದರೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ತೈಲ ಹಚ್ಚಿಕೊಂಡು ಹೋಗಿ.

ಹೆಚ್ಚಾಯಿತು ಅಂತ ತಿಳಿಯುವುದು ಹೇಗೆ

ಮುಗಿಸಿ ಎರಡು ಗಂಟೆಯಾದ ಮೇಲೂ ಕೀಲಿನ ನೋವು ಮೊದಲಿಗಿಂತ ಜಾಸ್ತಿ ಇದ್ದರೆ ಮಾಡಿದ್ದು ಹೆಚ್ಚಾಯಿತು. ಮುಂದಿನ ಸಲ ಅರ್ಧ ಮಾಡಿ. ತೊಡೆಯ ಮಾಂಸ ಸೆಳೆಯುವುದು ಬೇರೆ, ಅದಕ್ಕೆ ಹೆದರಬೇಡಿ. ಕೀಲಿನ ಒಳಗೆ ಚುಚ್ಚುವುದೇ ಬೇರೆ. ಮರುದಿನ ಬೆಳಿಗ್ಗೆ ಬಿಗಿತ ಎಷ್ಟು ನಿಮಿಷ ಇತ್ತು ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಕಿನ ಕೆಳಗೆ ಬರೆಯಿರಿ. ನನ್ನದು 120ರಿಂದ ಶುರುವಾಗಿತ್ತು. ಈಗ 15, 20. ಮೋಡದ ದಿನ 30.

ಕಾಯಿಲೆ ಕೆರಳುವ ದಿನಗಳು ಬಂದೇ ಬರುತ್ತವೆ. ಆಗ ಅಕ್ಕಿ ಚೀಲ ಪಕ್ಕಕ್ಕಿಡಿ. ಪೂರ್ತಿ ಮಲಗಬೇಡಿ. ಊದಿದ ಕೀಲನ್ನು ದಿನಕ್ಕೆರಡು ಸಲ ನೋಯದಷ್ಟು ಮಾತ್ರ ಆಡಿಸಿ. ಕಾಲು ಚಾಚಿ, ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಒತ್ತಿ ಐದು ಎಣಿಸಿ ಬಿಡಿ. ಕೀಲು ಹೆಚ್ಚು ಅಲುಗದೆ ತೊಡೆಗೆ ಕೆಲಸ ಸಿಗುತ್ತದೆ. ಕೆರಳಿದ್ದು ಇಳಿದ ಮೇಲೆ ಹಳೆಯ ಲೆಕ್ಕದ ಅರ್ಧದಿಂದ ಮತ್ತೆ ಶುರು. ಇದು ಹಿಂದೆ ಬಿದ್ದ ಹಾಗಲ್ಲ. ನಾನು ಹೀಗೆ ಒಂಬತ್ತು ಸಲ ಶುರು ಮಾಡಿದ್ದೇನೆ.

ಎದೆನೋವು, ಎಂದೂ ಇಲ್ಲದ ಏದುಸಿರು, ಕೈಕಾಲಿನ ಶಕ್ತಿ ಕುಂದುವುದು, ಜ್ವರದ ಜೊತೆ ಒಂದೇ ಕೀಲು ಕೆಂಪಾಗಿ ಊದುವುದು, ಇವು ಕಂಡರೆ ವ್ಯಾಯಾಮ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ. ಈ ಕಾಯಿಲೆ ಇರುವವರಿಗೆ ಹೃದಯದ ತೊಂದರೆಯ ಸಾಧ್ಯತೆಯೂ ಜಾಸ್ತಿ, ತಡ ಮಾಡಬೇಡಿ.

ಗಳಿಸಿದ ಬಲವನ್ನು ಮನೆಗೆಲಸದಲ್ಲಿ ಪೋಲು ಮಾಡಬೇಡಿ. ಪಾತ್ರೆ ಎತ್ತುವಾಗ ಎರಡೂ ಅಂಗೈ ಕೊಡಿ. ಒದ್ದೆ ಬಟ್ಟೆಯನ್ನು ಕೈಯಲ್ಲಿ ತಿರುಚಿ ಹಿಂಡಬೇಡಿ, ಹಾಗೇ ನೀರು ಇಳಿಯಲು ಬಿಡಿ. ಡಬ್ಬಿ ಮುಚ್ಚಳವನ್ನು ಬೆರಳ ತುದಿಯಿಂದ ಅಲ್ಲ, ಅಂಗೈ ಒತ್ತಿ ತಿರುಗಿಸಿ. ಅಡಿಕೆ ಸುಲಿಯುವುದನ್ನು ನಾನು ಬಿಟ್ಟಿದ್ದೇನೆ. ಸುಲಿದದ್ದನ್ನು ಹರವುವ ಕೆಲಸ ನನ್ನದು. ಕೊಡಪಾನವನ್ನು ಅರ್ಧ ತುಂಬಿಸಿ ಸೊಂಟಕ್ಕಿಟ್ಟು ನಾನೇ ಒಳಗೆ ತರುತ್ತೇನೆ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಆ ಕ್ಯಾಲೆಂಡರ್ ಹಾಳೆಗಳನ್ನು ಚೀಲದಲ್ಲಿ ಹಾಕಿಕೊಳ್ಳಿ. ಹೇಗಿದ್ದೀರಿ ಅಂತ ಅವರು ಕೇಳಿದ ಕೂಡಲೇ ಟೇಬಲ್ ಮೇಲೆ ಬಿಡಿಸಿಡಿ.