ನಮ್ಮ ಅಡ್ಡರಸ್ತೆಗೆ ಒಂದೇ ಬದಿಯ ಪಾರ್ಕಿಂಗ್ ತಂದ ಬಗೆ

ಬೆಂಗಳೂರಿನ ರಾಜಾಜಿನಗರದಲ್ಲಿ ನಮ್ಮ ಅಡ್ಡರಸ್ತೆಯ ನಿವಾಸಿಗಳ ಸಂಘಕ್ಕೆ ನಾನು ಕಾರ್ಯದರ್ಶಿಯಾಗಿದ್ದಾಗ, ಪಾರ್ಕಿಂಗ್ ಜಗಳ ಬಗೆಹರಿಸುವ ಹೊಣೆ ನನ್ನ ಮೇಲೆ ಬಿತ್ತು. ರಸ್ತೆ 30 ಅಡಿಯದೆಂದು ಎಲ್ಲರೂ ಹೇಳುತ್ತಿದ್ದರು. ಆದರೆ ಚರಂಡಿಯ ಚಪ್ಪಡಿ, ಮನೆಗಳ ಮುಂದಿನ ರ‍್ಯಾಂಪು, ವಿದ್ಯುತ್ ಕಂಬಗಳನ್ನು ಬಿಟ್ಟು ಟೇಪು ಹಿಡಿದಾಗ ಡಾಂಬರು ಸಿಕ್ಕಿದ್ದು 20 ಅಡಿ. ಕಾರೊಂದಕ್ಕೆ ಸುಮಾರು 6 ಅಡಿ ಬೇಕು. ಎರಡೂ ಬದಿ ಕಾರು ನಿಂತರೆ ಉಳಿಯುವ 8 ಅಡಿಯಲ್ಲಿ ಅಗ್ನಿಶಾಮಕ ವಾಹನ ನುಗ್ಗುವುದು ಕಷ್ಟ.

ಹಗಲಿನ ಎಣಿಕೆಯಲ್ಲಿ ಅಂಗಡಿ, ಕ್ಲಿನಿಕ್ಕಿಗೆ ಬಂದವರ ವಾಹನಗಳೂ ಸೇರುವುದರಿಂದ, ನಾವು ರಾತ್ರಿ 11ರ ನಂತರ ಎಣಿಸಿ, ಪ್ರತಿ ಕಾರಿನ ಮುಂದೆ ಅದರ ಮನೆಯೊಳಗೆ ನಿಲುಗಡೆಗೆ ಜಾಗವಿದೆಯೇ ಎಂಬುದನ್ನೂ ಬರೆದುಕೊಂಡೆವು. ಬೀದಿಯಲ್ಲಿದ್ದ ಎಷ್ಟೋ ಕಾರುಗಳ ಮನೆಗಳಲ್ಲಿ ಜಾಗವಿತ್ತು. ಒಂದರಲ್ಲಿ ಅಲ್ಲಿ ಹಳೆಯ ಮಂಚ, ಮುರಿದ ಸೈಕಲ್, ಖಾಲಿ ಸಿಂಟೆಕ್ಸ್ ತೊಟ್ಟಿ ತುಂಬಿದ್ದರೆ, ಇನ್ನೊಂದರಲ್ಲಿ ಜೆರಾಕ್ಸ್ ಅಂಗಡಿ ಬಾಡಿಗೆಗಿತ್ತು. ಇದನ್ನು ಜಾಗದ ಅಭಾವ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ಸಭೆಯಲ್ಲಿ ಆ ಪಟ್ಟಿಯನ್ನು ಓದಿದಾಗ ಹಿರಿಯರೊಬ್ಬರು, "ನಮ್ಮ ಮನೆ ಮುಂದಿನ ಜಾಗ ನಮ್ಮದಲ್ಲದೆ ಇನ್ಯಾರದ್ದು ಸ್ವಾಮಿ?" ಎಂದು ಎದ್ದು ನಿಂತರು. ಸಿಮೆಂಟು ತುಂಬಿದ ಪೇಂಟ್ ಡಬ್ಬವಿಟ್ಟು ಜಾಗ ಹಿಡಿಯುತ್ತಿದ್ದವರಲ್ಲಿ ಅವರೇ ಮೊದಲಿಗರು. ಒಳಗೆ ಜಾಗವಿರುವವರು ಒಳಗೇ ನಿಲ್ಲಿಸಬೇಕು, ಇಲ್ಲದವರಿಗೆ ಬೀದಿಯಲ್ಲಿ ಆದ್ಯತೆ ಎಂಬ ಮಾತಿಗೆ ಬಾಡಿಗೆದಾರರು ಕೂಡಲೇ ಒಪ್ಪಿದರು, ಮಾಲೀಕರು ತಡವಾಗಿ. ಸಮ ಮತ್ತು ಬೆಸ ದಿನಾಂಕಕ್ಕೆ ಬದಿ ಬದಲಿಸುವ ಪದ್ಧತಿ ನಗರದ ಹಲವೆಡೆ ಇದ್ದರೂ, ನಿದ್ದೆಗೆಟ್ಟು ಕಾರು ಸರಿಸಲು ಯಾರೂ ಸಿದ್ಧರಿರಲಿಲ್ಲ. ಆದ್ದರಿಂದ ಗೇಟುಗಳು ಕಡಿಮೆಯಿರುವ ಬದಿಯನ್ನೇ ಕಾಯಂ ಮಾಡಿಕೊಂಡು, ತಿರುವಿನ ಬಳಿ ಒಂದು ಕಾರಿನಷ್ಟು ಉದ್ದವನ್ನು ಖಾಲಿ ಬಿಟ್ಟೆವು.

ಸಂಘವೇ ಫಲಕ ನೆಟ್ಟರೆ ಅದಕ್ಕೆ ಕಾನೂನಿನ ಬಲವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಮಿನಂತೆ ನಿಲುಗಡೆಯ ಸ್ಥಳ ಗೊತ್ತುಪಡಿಸುವ ಅಧಿಕಾರ ಸರ್ಕಾರಕ್ಕೂ ಅದು ಅಧಿಕಾರ ಕೊಟ್ಟವರಿಗೂ ಸೇರಿದ್ದು. ಅಳತೆಯ ನಕ್ಷೆ, ರಾತ್ರಿಯ ಎಣಿಕೆ, ನಿವಾಸಿಗಳ ಸಹಿಗಳನ್ನು ಲಗತ್ತಿಸಿ ಸಂಚಾರ ಠಾಣೆಗೆ ಅರ್ಜಿ ಕೊಟ್ಟೆವು. ಬರೀ ದೂರಿಗಿಂತ ನಕ್ಷೆಯಿರುವ ಅರ್ಜಿಗೆ ಬೆಲೆ ಹೆಚ್ಚು.

ಈಗ ಕಸದ ಆಟೋ ಹಿಂದೆ ಸರಿಯದೆ ಕೊನೆಯವರೆಗೂ ಹೋಗುತ್ತದೆ. ಆದರೆ ಎರಡನೆಯ ಕಾರುಗಳು ಪಕ್ಕದ ಅಡ್ಡರಸ್ತೆಗೆ ಸೇರಿಕೊಂಡಿವೆ. ನಗರಕ್ಕೆಂದು 2021ರಲ್ಲಿ ಒಪ್ಪಿಗೆ ಪಡೆದ ಪಾರ್ಕಿಂಗ್ ನೀತಿಯಲ್ಲಿ ಮನೆ ಮುಂದೆ ನಿಲ್ಲಿಸಲು ಸಣ್ಣ ಕಾರಿಗೆ ವರ್ಷಕ್ಕೆ 1,000 ರೂಪಾಯಿ, ದೊಡ್ಡದಕ್ಕೆ 5,000 ರೂಪಾಯಿ ಪರವಾನಗಿ ಶುಲ್ಕ ಸೂಚಿಸಲಾಗಿತ್ತು. ಅಂಥದ್ದು ಎಲ್ಲ ಬೀದಿಗೂ ಬರುವತನಕ ಈ ಸ್ಥಳಾಂತರ ನಿಲ್ಲದು ಎಂಬುದು ನನ್ನ ಅನಿಸಿಕೆ. ಸದ್ಯಕ್ಕೆ ಪಕ್ಕದ ರಸ್ತೆಯವರೊಂದಿಗೆ ಕೂತು ಅಲ್ಲಿಯೂ ರಾತ್ರಿಯ ಎಣಿಕೆ ಆರಂಭಿಸಿದ್ದೇವೆ.