ಅಪ್ಪನ ಹರ್ಕ್ಯುಲಿಸ್ ಮೇಲೆ ಮೂರು ದಿನ

ನಮ್ಮ ಗುಂಪಿನಲ್ಲಿ ಒಂಬತ್ತು ಜನ. ಎಂಟು ಜನರದ್ದು ಗೇರ್ ಸೈಕಲ್. ನನ್ನದು, ಅಪ್ಪ ದಾವಣಗೆರೆಯ ಹತ್ತಿ ಮಿಲ್ಲಿಗೆ ಪಾಳಿ ಕೆಲಸಕ್ಕೆ ತುಳಿಯುತ್ತಿದ್ದ ಹಳೇ ಹರ್ಕ್ಯುಲಿಸ್. 28 ಇಂಚಿನ ಗಾಲಿ, ರಾಡ್ ಬ್ರೇಕ್, ಸ್ಪ್ರಿಂಗ್ ಇರುವ ಚರ್ಮದ ಸೀಟು. ಮೊದಲ ದಿನ ಸಂತೇಬೆನ್ನೂರು, ಸೂಳೆಕೆರೆ ನೋಡಿಕೊಂಡು ಚನ್ನಗಿರಿ. ಎರಡನೇ ದಿನ ಹೊಳಲ್ಕೆರೆ ಮೇಲೆ ಚಿತ್ರದುರ್ಗ. ಮೂರನೇ ದಿನ ಭರಮಸಾಗರ ದಾಟಿ ಮನೆಗೆ.

ಹೊರಡುವ ಮುಂಚೆ ಒಂದು ತಿಂಗಳು ಸಂಜೆಯೆಲ್ಲ ಇದರದ್ದೇ ಕೆಲಸ. ಬೇರಿಂಗ್ ಬಾಲ್ಸ್ ತೊಳೆದು ಹೊಸ ಗ್ರೀಸ್ ತುಂಬಿದೆ. ರಾಡ್ ಬ್ರೇಕಿನ ರಬ್ಬರ್ ರಿಮ್ಮಿನ ಪಕ್ಕಕ್ಕಲ್ಲ, ಒಳಮೈಗೆ ಒತ್ತುತ್ತದೆ. ಹಾಗಾಗಿ ಗಾಲಿ ಅಕ್ಕಪಕ್ಕ ಸ್ವಲ್ಪ ಆಡಿದರೂ ನಡೆಯುತ್ತದೆ, ಮೇಲೆ ಕೆಳಗೆ ಕುಣಿಯಬಾರದು. ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಫ್ರೀವೀಲ್, ಅಂದರೆ ಹಿಂದಿನ ಗಾಲಿಯಲ್ಲಿ ಚೈನು ಕೂರುವ ಹಲ್ಲಿನ ಚಕ್ರ. 18 ಹಲ್ಲಿನದು ತೆಗೆಸಿ 20 ಹಲ್ಲಿನದು ಹಾಕಿಸಿದೆ. ಪೆಡಲ್ ಹತ್ತಿರದ ಹಲ್ಲಿನ ಚಕ್ರಕ್ಕೆ 44 ಹಲ್ಲು. ಪೆಡಲ್ ಒಂದು ಸುತ್ತಿಗೆ ಸುಮಾರು 5.4 ಮೀಟರ್ ಹೋಗುತ್ತಿದ್ದ ಸೈಕಲ್ ಈಗ 4.8 ಮೀಟರ್ ಹೋಗುತ್ತದೆ. ಓಟ ಕಡಿಮೆ, ಆದರೆ ಮೊಣಕಾಲು ಉಳಿಯುತ್ತದೆ.

ಸಂತೇಬೆನ್ನೂರು ಹತ್ತಿರ ಬರುವಾಗ ಎಡ ಪೆಡಲ್ ಕಟಕ್ ಕಟಕ್ ಅನ್ನಲು ಶುರುವಾಯಿತು. ಪೆಡಲಿನ ತೋಳನ್ನು (ಕ್ರ್ಯಾಂಕ್) ನಡುವಿನ ಅಚ್ಚಿಗೆ ಬಿಗಿಹಿಡಿಯುವ ಕಾಟರ್ ಪಿನ್ನನ್ನು ಹಿಂದಿನ ದಿನ ನಮ್ಮೂರಿನ ಒಂದು ಅಂಗಡಿಯಲ್ಲಿ ಹೊಸದು ಹಾಕಿಸಿದ್ದೆ. ಅದು ಸಡಿಲವಾಗಿತ್ತು. ಹಾಗೇ ತುಳಿದಿದ್ದರೆ ಪಿನ್ನು ಸವೆದು ಹಾಳಾಗುತ್ತಿತ್ತು. ತಳ್ಳಿಕೊಂಡು ಊರಿಗೆ ಹೋದೆ. ಸಣ್ಣ ಸೈಕಲ್ ಅಂಗಡಿಯ ಅಜ್ಜ ನೋಡಿದ ತಕ್ಷಣ ಹೇಳಿದರು: "ಹೊಸ ಪಿನ್ನು ಕೂರಾಕೆ ಟೈಮ್ ಬೇಕಪ್ಪ. ಹತ್ತು ಮೈಲಿ ತುಳಿದ ಮ್ಯಾಲೆ ಮತ್ತೆ ಬಡೀಬೇಕು."

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಅಜ್ಜ ಕ್ರ್ಯಾಂಕ್ ಕೆಳಗೆ ಕಬ್ಬಿಣದ ತುಂಡು ಆನಿಸಿಟ್ಟರು. ಹಾಗೆ ಇಟ್ಟರೆ ಸುತ್ತಿಗೆ ಏಟು ಒಳಗಿನ ಬಾಲ್ಸ್‌ಗೆ ತಾಗುವುದಿಲ್ಲ. ಎರಡು ಏಟು ಬಡಿದು, ಆಮೇಲೆ ನಟ್ಟು ಬಿಗಿದರು. ಬಡಿಯದೆ ನಟ್ಟು ತಿರುಗಿಸಿಯೇ ಪಿನ್ನು ಎಳೆಯಲು ಹೋದರೆ ಪಿನ್ನಿನ ಥ್ರೆಡ್ಡು ಕಿತ್ತುಹೋಗುತ್ತದಂತೆ. ಉಳಿದವರು ಪುಷ್ಕರಣಿ ನೋಡಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಹಳೇ ಸೈಕಲ್ಲಿನ ಪಿನ್ನು, ವಾಲ್ ಟ್ಯೂಬು ಅಂಥ ಊರಲ್ಲೂ ಸಿಗುತ್ತದೆ. ಈ ಧೈರ್ಯ ದೊಡ್ಡದು ಅಲ್ವಾ!

ಸೂಳೆಕೆರೆ ಕಡೆಯ ಸಪಾಟು ದಾರಿಯಲ್ಲಿ ಸೈಕಲ್ ತೇಲಿಕೊಂಡೇ ಹೋಯಿತು.

ಎರಡನೇ ದಿನ ಆಷಾಢದ ಗಾಳಿ ಬೆನ್ನಿಗಿತ್ತು, ಜೊತೆಗೆ ತುಂತುರು ಮಳೆ. ಸ್ಟೀಲ್ ರಿಮ್ಮು ಒದ್ದೆಯಾದರೆ ಬ್ರೇಕ್ ಹಿಡಿಯುವುದಿಲ್ಲ. ಇಳಿಜಾರಿಗೆ ಮುಂಚೆಯೇ ಮೆಲ್ಲಗೆ ಬ್ರೇಕ್ ಒತ್ತಿ ನೀರು ಒರೆಸಿಕೊಳ್ಳುತ್ತಿದ್ದೆ. ಮುಂದಿನವರಿಂದ ಸಾಕಷ್ಟು ದೂರ ಬಿಟ್ಟೆ. ದಿಬ್ಬದಲ್ಲಿ ಇಳಿದು ತಳ್ಳಿದೆ. ಗುಂಪಿಗೆ ಕಾಯುವ ಕೆಲಸ ಕೊಡಬಾರದು ಅಂತ ದಿನಾ ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಹೊರಡುತ್ತಿದ್ದೆ.

ಮೂರನೇ ದಿನ ಅದೇ ಗಾಳಿ ಎದುರಿಗೆ ಬಂತು. ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಈ ಸೈಕಲ್ಲಿನಲ್ಲಿ ಬೆನ್ನು ನೆಟ್ಟಗೆ ಇರುವುದರಿಂದ ಗಾಳಿಯೆಲ್ಲ ಎದೆಗೇ ಹೊಡೆಯುತ್ತದೆ. ಗೆಳೆಯರು ಸರದಿ ಮೇಲೆ ಮುಂದೆ ನಿಂತು ನನ್ನನ್ನು ಹಿಂದೆ ಇಟ್ಟುಕೊಂಡರು. ಅವರಿಲ್ಲದಿದ್ದರೆ ಆ 60 ಕಿಲೋಮೀಟರ್ ಒಂದೇ ದಿನಕ್ಕೆ ಮುಗಿಯುತ್ತಿರಲಿಲ್ಲ.

ಮುಂದಿನ ಸಲ ಹಿರಿಯೂರಿನ ಮಾರಿಕಣಿವೆಗೆ ಹೋಗುವುದು ಅಂತಾಗಿದೆ. ನಾಲ್ಕು ಪಿನ್ನು, ಒಂದು ಸುತ್ತಿಗೆ, ಒಂದು ಕಬ್ಬಿಣದ ತುಂಡು ಈಗಲೇ ಚೀಲಕ್ಕೆ ಹಾಕಿದ್ದೇನೆ. ಡೈನಮೋ ಲೈಟು ಇನ್ನೂ ರಿಪೇರಿ ಆಗಬೇಕು.